ಹೋಗಲಾಗದ ಪಂದ್ಯದ ಸೀಟನ್ನು ಪರಿಚಯದವರಿಗೂ ಮಾರಬೇಡಿ: ಲಂಡನ್ನಿನಲ್ಲಿ ನನಗಾದ ಅನುಭವ

ಇಂಗ್ಲೆಂಡಿನಲ್ಲಿ ನೆಲೆಸಿ ಯಾವುದಾದರೂ ಫುಟ್‌ಬಾಲ್ ಕ್ಲಬ್ಬಿನ ಸೀಸನ್ ಟಿಕೆಟ್ ಹೊಂದಿರುವ ಕನ್ನಡಿಗರಿಗೂ, ಊರಿನಿಂದ ಪ್ರವಾಸ ಬಂದಾಗ ಇಲ್ಲಿನ ಅಗ್ರ ದರ್ಜೆಯ ಲೀಗಾದ ಪ್ರೀಮಿಯರ್ ಲೀಗಿನ ಒಂದು ಪಂದ್ಯವನ್ನಾದರೂ ಕಣ್ಣಾರೆ ನೋಡಬೇಕೆಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಟಿಕೆಟ್ ವಿಚಾರಿಸುವವರಿಗೂ ಇದನ್ನು ಬರೆಯುತ್ತಿದ್ದೇನೆ. ಕಳೆದ ಡಿಸೆಂಬರಿನಲ್ಲಿ, ನನಗೆ ಹೋಗಲಾಗದ ಎರಡು ಪಂದ್ಯಗಳ ಸೀಟನ್ನು ನಾನು ಬೇರೆಯವರಿಗೆ ಮಾರಿದೆ. ಒಂಬತ್ತು ವರ್ಷ ಸರದಿಯಲ್ಲಿ ಕಾದು ಪಡೆದ ಸೀಟು ಅದರಿಂದ ಕೈತಪ್ಪಿತು. ನನ್ನ ತಪ್ಪಿಗೆ ನಾನೊಬ್ಬನೇ ಬೆಲೆ ತೆತ್ತಿದ್ದರೆ ಬಹುಶಃ ಸುಮ್ಮನಿರುತ್ತಿದ್ದೆ. ಏನೂ ತಪ್ಪು ಮಾಡದ ಮೂವರು ನನ್ನಿಂದಾಗಿ ತೊಂದರೆಗೆ ಸಿಕ್ಕಿದರು. ಕ್ಲಬ್ಬಿನ ಹೆಸರನ್ನಾಗಲಿ, ಮಧ್ಯವರ್ತಿಯ ಹೆಸರನ್ನಾಗಲಿ ಹೇಳುವುದಿಲ್ಲ. ಇದು ಯಾವ ಕ್ಲಬ್ಬಿನಲ್ಲಿಯೂ, ಯಾರ ಮೂಲಕವೂ ಆಗಬಹುದಾದದ್ದು.

ಸೀಸನ್ ಟಿಕೆಟ್ ಎಂದರೇನು ಎಂಬುದನ್ನು ಊರಿನ ಓದುಗರಿಗಾಗಿ ಮೊದಲು ತಿಳಿಸುತ್ತೇನೆ. ಪ್ರೀಮಿಯರ್ ಲೀಗಿನಲ್ಲಿ 20 ತಂಡಗಳಿವೆ. ಪ್ರತಿ ತಂಡವೂ ಆಗಸ್ಟಿನಿಂದ ಮೇ ತಿಂಗಳವರೆಗೆ 38 ಪಂದ್ಯಗಳನ್ನು ಆಡುತ್ತದೆ, ಅವುಗಳಲ್ಲಿ 19 ತವರಿನಲ್ಲಿ ನಡೆಯುತ್ತವೆ. ವರ್ಷಕ್ಕೊಮ್ಮೆ ಹಣ ಕಟ್ಟಿದರೆ ಆ 19 ಪಂದ್ಯಗಳಿಗೂ ಒಂದೇ ಸೀಟು ನಿಮ್ಮ ಹೆಸರಿನಲ್ಲಿರುತ್ತದೆ. ನಾನು ಕಟ್ಟಿದ್ದು 1,140 ಪೌಂಡ್, ಅಂದರೆ ಪಂದ್ಯಕ್ಕೆ 60 ಪೌಂಡ್. ಎಲ್ಲ ಪಂದ್ಯಗಳಿಗೂ ಹೋಗುವುದು ಸಂಸಾರವಂದಿಗರಿಗೆ ಸುಲಭವಲ್ಲ. ಶನಿವಾರ ಮಧ್ಯಾಹ್ನವೆಂದು ನಿಗದಿಯಾದ ಪಂದ್ಯವನ್ನು ಟಿವಿ ಪ್ರಸಾರಕ್ಕಾಗಿ ಭಾನುವಾರಕ್ಕೋ ಸೋಮವಾರ ರಾತ್ರಿಗೋ ಸರಿಸುತ್ತಾರೆ. ಯುರೋಪಿನ ಬೇರೆ ಕೆಲವು ಲೀಗುಗಳು ವಿರಾಮ ತೆಗೆದುಕೊಳ್ಳುವ ಕ್ರಿಸ್‌ಮಸ್ ವಾರದಲ್ಲಿ ಇಲ್ಲಿ ಪಂದ್ಯಗಳು ಒತ್ತೊತ್ತಾಗಿ ಬರುತ್ತವೆ, ಮತ್ತು ನಮ್ಮಲ್ಲಿ ಹೆಚ್ಚಿನವರು ರಜೆಗೆ ಊರಿಗೆ ಹೋಗುವುದು ಅದೇ ವಾರದಲ್ಲಿ.

ನಾನು ಹೋದದ್ದು ರಜೆಗಲ್ಲ. ಮೈಸೂರಿನಲ್ಲಿರುವ ತಂದೆಯವರಿಗೆ ಹೃದಯದ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ವಿಮಾನದ ಟಿಕೆಟ್ ಬುಕ್ ಮಾಡಿದ ಮೇಲೆ ನೋಡಿದರೆ ನಾನಿಲ್ಲದ ಅವಧಿಯಲ್ಲಿ ತವರಿನ ಎರಡು ಪಂದ್ಯಗಳಿದ್ದವು. ನಮ್ಮ ಕ್ಲಬ್ಬಿನದೇ ಟಿಕೆಟ್ ಎಕ್ಸ್‌ಚೇಂಜ್ ಇದೆ. ಹೋಗಲಾಗದವರು ತಮ್ಮ ಸೀಟನ್ನು ಅಲ್ಲಿ ಬಿಟ್ಟುಕೊಡಬಹುದು. ಆದರೆ ನಮ್ಮಲ್ಲಿ ಪಂದ್ಯದ ಸಾಮಾನ್ಯ ಟಿಕೆಟ್‌ಗಳು ಪೂರ್ತಿ ಖರ್ಚಾದ ಮೇಲಷ್ಟೇ ಅದು ತೆರೆಯುತ್ತದೆ, ಮಾರಾಟವಾದರೆ ಮಾತ್ರ ಹಣ ಬರುತ್ತದೆ, ಅದೂ ಹತ್ತೊಂಬತ್ತರಲ್ಲಿ ಒಂದು ಭಾಗ, ಮುಂದಿನ ವರ್ಷದ ನವೀಕರಣದ ಮೊತ್ತದಲ್ಲಿ ವಜಾ. ಆಸ್ಪತ್ರೆಯ ಖರ್ಚು, ಕೊನೆಗಳಿಗೆಯ ವಿಮಾನದ ದರ ಇವೆಲ್ಲ ತಲೆಯಲ್ಲಿದ್ದಾಗ ಆ 60 ಪೌಂಡ್ ನನಗೆ ಅನ್ಯಾಯವೆಂಬಂತೆ ತೋರಿತು.

ಅದೇ ಹೊತ್ತಿಗೆ ಲಂಡನ್ನಿನ ಕನ್ನಡಿಗರ ಗುಂಪೊಂದರಲ್ಲಿ ಒಬ್ಬ ಯುವಕ ನನಗೆ ಪ್ರತ್ಯೇಕವಾಗಿ ಸಂದೇಶ ಕಳುಹಿಸಿದ: "ಅಣ್ಣಾ, ಬೆಂಗಳೂರಿಂದ ನಮ್ ಕಸಿನ್ ಬರ್ತಿದಾನೆ, ಹುಚ್ಚು ಅಭಿಮಾನಿ. ನಿಮ್ ಸೀಟು ಖಾಲಿ ಇದ್ರೆ ಕೊಡ್ತೀರಾ? ಒಂದು ಮ್ಯಾಚಿಗೆ ನೂರೈವತ್ತು ಕೊಡಿಸ್ತೀನಿ." ಯುಗಾದಿ ಕಾರ್ಯಕ್ರಮದಲ್ಲಿ ಒಂದೆರಡು ಬಾರಿ ಮುಖ ನೋಡಿದ ಪರಿಚಯ. ಕಾಳಸಂತೆಯವನಿಗೆ ಮಾರುತ್ತಿದ್ದೇನೆ ಎಂಬ ಭಾವನೆ ನನಗೆ ಬರಲೇ ಇಲ್ಲ, ನಮ್ಮ ಹುಡುಗನೊಬ್ಬನಿಗೆ ಅನುಕೂಲ ಮಾಡಿಕೊಡುತ್ತಿದ್ದೇನೆ ಎಂದೇ ಅಂದುಕೊಂಡೆ. ಎರಡು ಪಂದ್ಯಗಳಿಗೂ ಒಪ್ಪಿ 300 ಪೌಂಡ್ ತೆಗೆದುಕೊಂಡೆ.

ಈಗ ಕಾಗದದ ಟಿಕೆಟ್ ಇಲ್ಲ. ಪಾಸ್ ಫೋನಿನಲ್ಲಿರುತ್ತದೆ, ಗೇಟಿನಲ್ಲಿರುವ ಯಂತ್ರಕ್ಕೆ ಫೋನನ್ನು ಹಿಡಿದರೆ ಹಸಿರು ದೀಪ ಬೆಳಗುತ್ತದೆ. ಆದ್ದರಿಂದ ಪಾಸನ್ನು ಅವನ ಫೋನಿಗೆ ಇಳಿಸಿಕೊಳ್ಳಲು ಕ್ಲಬ್ಬಿನ ಖಾತೆಯ ಪಾಸ್‌ವರ್ಡನ್ನೇ ಕೊಟ್ಟೆ. ಆ ಖಾತೆಯಲ್ಲಿ ನನ್ನ ಮನೆಯ ವಿಳಾಸ, ಹುಟ್ಟಿದ ದಿನಾಂಕ, ಹಣ ಕಟ್ಟುವ ಕಾರ್ಡಿನ ವಿವರ ಎಲ್ಲವೂ ಇದ್ದವು. ಬ್ಯಾಂಕಿನ ಪಾಸ್‌ವರ್ಡನ್ನು ಹೆಂಡತಿಗೂ ಹೇಳದ ನಾನು ಇದನ್ನು ಎರಡು ನಿಮಿಷದಲ್ಲಿ ಟೈಪ್ ಮಾಡಿ ಕಳುಹಿಸಿದೆ.

ಮೊದಲ ಪಂದ್ಯದ ದಿನ ನಾನು ಮೈಸೂರಿನ ಆಸ್ಪತ್ರೆಯ ಪಡಸಾಲೆಯಲ್ಲಿದ್ದೆ. ರಾತ್ರಿ ಒಂಬತ್ತು ಇಪ್ಪತ್ತರ ಸುಮಾರಿಗೆ, ಅಂದರೆ ಅಲ್ಲಿ ಪಂದ್ಯದ ವಿರಾಮದ ವೇಳೆಗೆ, ಮೈದಾನದಲ್ಲಿ ನನ್ನ ಪಕ್ಕದಲ್ಲಿ ಕೂರುವ ಹಿರಿಯರ ಕರೆ ಬಂತು. ಅವರು ಆ ಸಾಲಿನಲ್ಲಿ ನನಗಿಂತ ಬಹಳ ಹಳಬರು. ವಾರಾಂತ್ಯದಲ್ಲಿ ಹನ್ನೊಂದು ವರ್ಷದ ಮೊಮ್ಮಗನನ್ನು ಕರೆತರುತ್ತಾರೆ. ನಮ್ಮ ತಂದೆಯವರ ಆರೋಗ್ಯ ವಿಚಾರಿಸಿದ ಮೇಲೆ, ನಿನ್ನ ಸೀಟಿನಲ್ಲಿ ಕೂತಿದ್ದವನು ಯಾರು ಎಂದು ಮೆಲ್ಲಗೆ ಕೇಳಿದರು. ಅದು ಬೆಂಗಳೂರಿನ ಕಸಿನ್ ಆಗಿರಲಿಲ್ಲ. ಎದುರಾಳಿ ತಂಡದ ಕಟ್ಟಾ ಅಭಿಮಾನಿಯೊಬ್ಬ, ತನ್ನ ತಂಡದವರಿಗೆ ಮೀಸಲಾದ ಭಾಗದಲ್ಲಿ ಟಿಕೆಟ್ ಸಿಗದೆ, ಎಲ್ಲಿಂದಲೋ 400 ಪೌಂಡಿಗೆ ಕೊಂಡು ನಮ್ಮ ಸಾಲಿಗೆ ಬಂದಿದ್ದ. ಅವನ ತಂಡ ಗೋಲು ಹೊಡೆದಾಗ ಎದ್ದು ಕೂಗಿದ. ಹಿಂದಿನ ಸಾಲಿನವರು ಮೈಮೇಲೆ ಬಂದರು, ನೂಕಾಟವಾಯಿತು, ಯಾರದೋ ಕೈಯಲ್ಲಿದ್ದ ಬಿಸಿ ಚಹಾ ಆ ಮಗುವಿನ ಭುಜದ ಮೇಲೆ ಚೆಲ್ಲಿತು. ದಪ್ಪ ಜಾಕೆಟ್ ಇದ್ದುದರಿಂದ ಸುಡಲಿಲ್ಲ, ಆದರೆ ಹುಡುಗ ಹೆದರಿ ಅಳುತ್ತಾ ಮನೆಗೆ ಹೋಗೋಣವೆಂದು ಹಟ ಹಿಡಿದಿದ್ದ. ಸಿಬ್ಬಂದಿ ಬಂದು ಆ ಅಭಿಮಾನಿಯನ್ನು ಹೊರಗೆ ಕರೆದೊಯ್ದು ಫೋನಿನಲ್ಲಿದ್ದ ಪಾಸಿನ ಹೆಸರನ್ನು ಬರೆದುಕೊಂಡರಂತೆ. ಅದು ನನ್ನ ಹೆಸರು.

ನಾನು ಆ ಯುವಕನಿಗೆ ಫೋನ್ ಮಾಡಿದೆ. ಕಸಿನ್ ಬರುವುದು ತಪ್ಪಿತು, ಆದ್ದರಿಂದ ಗೆಳೆಯನೊಬ್ಬನಿಗೆ ಕೊಟ್ಟೆ ಎಂದ. ಮರುದಿನದಿಂದ ಅವನ ಫೋನ್ ಹತ್ತಲಿಲ್ಲ. ನನ್ನಂತೆ ಇನ್ನೂ ಹಲವರ ಪಾಸ್‌ವರ್ಡುಗಳು ಅವನ ಬಳಿ ಇದ್ದವೆಂದು ಗುಂಪಿನ ಇತರರಿಂದ ಆಮೇಲೆ ತಿಳಿಯಿತು.

ಎರಡನೆಯ ಪಂದ್ಯದ ಸಂಗತಿ ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಅಷ್ಟರಲ್ಲಿ ಕ್ಲಬ್ಬು ನನ್ನ ಪಾಸನ್ನು ತಡೆಹಿಡಿದಿತ್ತು. ಮಿಂಚಂಚೆ ಬಂದಿದ್ದರೂ ಆಸ್ಪತ್ರೆಯ ಗಡಿಬಿಡಿಯಲ್ಲಿ ನಾನು ಅದನ್ನು ತೆರೆದಿರಲಿಲ್ಲ. ಪಂದ್ಯದ ಸಂಜೆ ಗುರುತಿಲ್ಲದ ಸಂಖ್ಯೆಯಿಂದ ಕರೆ ಬಂತು. "ಸರ, ನೀವು ಕನ್ನಡದವರೇನ್ರಿ? ಪಾಸಿನ್ಯಾಗ ನಿಮ್ಮ ಹೆಸರು ನೋಡಿ ನಮ್ಮ ಕಡೆಯವರ ಇರಬೇಕು ಅನಿಸ್ತು. ಗೇಟಿನ್ಯಾಗ ಕೆಂಪು ಲೈಟ್ ಹತ್ತೇತ್ರಿ, ಒಳಗ ಬಿಡವಲ್ರು." ಲೀಡ್ಸ್‌ನಲ್ಲಿ ಓದುತ್ತಿರುವ ಹುಬ್ಬಳ್ಳಿಯ ಹುಡುಗ. ರಾತ್ರಿ ಹೊತ್ತು ಉಗ್ರಾಣವೊಂದರಲ್ಲಿ ಕೆಲಸ ಮಾಡಿ ಉಳಿಸಿದ ಹಣದಲ್ಲಿ 280 ಪೌಂಡ್ ಕೊಟ್ಟು ಆ ಪಾಸನ್ನು ಕೊಂಡು, ಬಸ್ಸಿನಲ್ಲಿ ಲಂಡನ್ನಿಗೆ ಬಂದಿದ್ದ. ಖಾತೆಯಲ್ಲಿದ್ದ ನನ್ನ ಫೋನ್ ಸಂಖ್ಯೆ ಅವನಿಗೆ ಸಿಕ್ಕಿದ್ದು ಅದೇ ಪಾಸ್‌ವರ್ಡಿನಿಂದ. ಅವನಿಗೆ ನಾನು ಮಾಡಬಹುದಾದದ್ದು ಆ ಹಣವನ್ನು ನನ್ನ ಕೈಯಿಂದ ಹಿಂದಿರುಗಿಸುವುದಷ್ಟೇ ಆಗಿತ್ತು. ಅದನ್ನು ಅಂದೇ ಮಾಡಿದೆ. ಪಂದ್ಯವನ್ನು ಕೊಡಲಾಗಲಿಲ್ಲ.

ಲಂಡನ್ನಿಗೆ ಮರಳಿದ ಮೇಲೆ ಕ್ಲಬ್ಬಿನ ವಿಚಾರಣೆ ನಡೆಯಿತು. ಲಿಖಿತ ಉತ್ತರ ಕೊಡಲು ಅವಕಾಶವಿತ್ತು, ಎಲ್ಲವನ್ನೂ ಒಪ್ಪಿಕೊಂಡೆ. ಸೀಸನ್ ಟಿಕೆಟ್ ರದ್ದಾಯಿತು, ಉಳಿದ ಪಂದ್ಯಗಳ ಹಣ ಮರಳಲಿಲ್ಲ, ಮೂರು ವರ್ಷ ಯಾವ ಟಿಕೆಟ್ಟನ್ನೂ ಕೊಳ್ಳುವಂತಿಲ್ಲ. ಪೊಲೀಸರಿಗೆ ವಿಷಯ ತಿಳಿಸುವ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇವೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದರು. ಆ ಸಾಲು ಓದಿದಾಗಲೇ ಇದು ಕ್ಲಬ್ಬಿನ ನಿಯಮವಷ್ಟೇ ಅಲ್ಲ, ದೇಶದ ಕಾನೂನು ಎಂಬುದು ನನಗೆ ಅರಿವಾದದ್ದು.

1994ರ ಕ್ರಿಮಿನಲ್ ಜಸ್ಟಿಸ್ ಅಂಡ್ ಪಬ್ಲಿಕ್ ಆರ್ಡರ್ ಕಾಯ್ದೆಯ 166ನೆಯ ಕಲಮು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇದಕ್ಕೆ ಅನ್ವಯಿಸುತ್ತದೆ. ಪಂದ್ಯದ ಸಂಘಟಕರಿಂದ ಲಿಖಿತ ಅನುಮತಿ ಇಲ್ಲದವರು ಸರ್ಕಾರ ಗೊತ್ತುಪಡಿಸಿದ ಫುಟ್‌ಬಾಲ್ ಪಂದ್ಯಗಳ ಟಿಕೆಟ್ ಮಾರುವುದು ಅಪರಾಧ. ಬೇರೆ ರೀತಿಯಲ್ಲಿ ಇನ್ನೊಬ್ಬರಿಗೆ ದಾಟಿಸುವುದೂ ಅಪರಾಧವೇ. 2006ರಲ್ಲಿ ಆದ ತಿದ್ದುಪಡಿಯ ನಂತರ ಮಾರುತ್ತೇನೆಂದು ಹೇಳುವುದು, ಜಾಹೀರಾತು ಹಾಕುವುದು, ಇನ್ನೊಬ್ಬರು ಮಾರಲೆಂದು ಒದಗಿಸುವುದು, ಬೇರೆ ವಸ್ತು ಅಥವಾ ಸೇವೆಗೆ ಹಣ ಕೊಟ್ಟವರಿಗೆ ಟಿಕೆಟ್ಟನ್ನು ಜೊತೆಗೂಡಿಸಿ ಕೊಡುವುದು, ಇವೆಲ್ಲವೂ ಮಾರಾಟದ ವ್ಯಾಖ್ಯೆಯೊಳಗೆ ಬರುತ್ತವೆ. ಗಮನಿಸಬೇಕಾದದ್ದು, ಈ ಕಲಮಿನಲ್ಲಿ ಬೆಲೆಯ ಪ್ರಸ್ತಾಪವೇ ಇಲ್ಲ. ಮುಖಬೆಲೆಗೆ ಮಾರಿದೆ, ಲಾಭ ಮಾಡಲಿಲ್ಲ ಎಂಬ ಸಮಜಾಯಿಷಿ ಆದ್ದರಿಂದ ನಿಲ್ಲುವುದಿಲ್ಲ. ಅಪರಾಧ ಸಾಬೀತಾದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ದಂಡ ವಿಧಿಸಬಹುದು, 2015ರಿಂದ ಈ ದರ್ಜೆಯ ದಂಡಕ್ಕೆ ಗರಿಷ್ಠ ಮಿತಿಯೂ ಇಲ್ಲ. ನಮ್ಮಂಥ ವಲಸಿಗರಿಗೆ ಇನ್ನೊಂದು ಭಯವಿದೆ: ಶಾಶ್ವತ ವಾಸಕ್ಕೋ ಪೌರತ್ವಕ್ಕೋ ಅರ್ಜಿ ಹಾಕುವಾಗ ಇಂತಹ ಶಿಕ್ಷೆಗಳನ್ನು ತಿಳಿಸಬೇಕಾಗುತ್ತದೆ. ನನ್ನ ಅರ್ಜಿ ಇನ್ನೂ ಬಾಕಿಯಿರುವ ತಿಂಗಳುಗಳಲ್ಲಿ ನಾನು ನೆಮ್ಮದಿಯಾಗಿ ನಿದ್ರಿಸಿದ್ದು ಕಡಿಮೆ.

ಫುಟ್‌ಬಾಲಿಗೆ ಮಾತ್ರ ಇಷ್ಟು ಬಿಗಿ ಏಕೆ ಎಂದು ಹಲವರು ಕೇಳುತ್ತಾರೆ, ಏಕೆಂದರೆ ಸಂಗೀತ ಕಾರ್ಯಕ್ರಮದ ಟಿಕೆಟ್ಟಿಗೆ ಈ ಕಲಮು ಅನ್ವಯಿಸುವುದಿಲ್ಲ. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಲಿವರ್‌ಪೂಲ್ ತಂಡದ 97 ಅಭಿಮಾನಿಗಳು ಜೀವ ಕಳೆದುಕೊಂಡರು. ಆ ದುರಂತಕ್ಕೆ ಅಭಿಮಾನಿಗಳ ನಡವಳಿಕೆ ಕಾರಣವಲ್ಲವೆಂದು 2016ರಲ್ಲಿ ಜ್ಯೂರಿ ಸ್ಪಷ್ಟವಾಗಿ ತೀರ್ಮಾನಿಸಿದೆ. ಟಿಕೆಟ್ ಮಾರುವವರೂ ಅದಕ್ಕೆ ಕಾರಣರಲ್ಲ. ಆದರೆ ದುರಂತದ ಬೆನ್ನಲ್ಲೇ ನಡೆದ ನ್ಯಾಯಮೂರ್ತಿ ಟೇಲರ್ ವಿಚಾರಣೆಯು ಮೈದಾನದ ಜನಸಂದಣಿಯ ಎಲ್ಲ ಮಗ್ಗುಲುಗಳನ್ನೂ ಪರಿಶೀಲಿಸಿತು. ಎಲ್ಲರಿಗೂ ಸೀಟು ಇರಬೇಕೆಂದು 1990ರ ವರದಿ ಶಿಫಾರಸು ಮಾಡಿತು. ಪಂದ್ಯದ ದಿನ ಅನುಮತಿಯಿಲ್ಲದೆ ಟಿಕೆಟ್ ಮಾರುವುದನ್ನು ಅಪರಾಧವಾಗಿಸುವ ಯೋಚನೆಯನ್ನೂ ಮುಂದಿಟ್ಟಿತು. ಎದುರಾಳಿ ತಂಡಗಳ ಅಭಿಮಾನಿಗಳನ್ನು ಬೇರೆ ಬೇರೆ ಭಾಗಗಳಲ್ಲಿ ಕೂರಿಸುವುದು ಇಲ್ಲಿನ ಸುರಕ್ಷತೆಯ ಮೂಲ ವ್ಯವಸ್ಥೆ. ಹೊರಗಿನ ತಂಡಕ್ಕೆ ದೊಡ್ಡ ಮೈದಾನಗಳಲ್ಲಿ ಮೂರು ಸಾವಿರದಷ್ಟು ಸೀಟುಗಳನ್ನು ಮೀಸಲಿಟ್ಟು, ಅವರ ಗೇಟು, ಬರುವ ದಾರಿ ಎಲ್ಲವನ್ನೂ ಪ್ರತ್ಯೇಕಿಸುತ್ತಾರೆ. ನಾನು ಮಾರಿದ ಒಂದು ಸೀಟು ಆ ಗೋಡೆಯಲ್ಲಿ ಒಂದು ಕಿಂಡಿ ಕೊರೆಯಿತು, ಅದರ ಎದುರಿಗೆ ಒಂದು ಮಗು ಕೂತಿತ್ತು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಕಾಲ್ತುಳಿತಕ್ಕೆ ಬಲಿಯಾದುದನ್ನು ಕಂಡ ನಾವು, ಗೇಟಿನಲ್ಲಿ ಯಾರು ಎಲ್ಲಿಗೆ ಹೋಗುತ್ತಾರೆಂಬ ಲೆಕ್ಕವನ್ನು ಕಚೇರಿಯ ಕಿರಿಕಿರಿ ಎಂದು ಭಾವಿಸಬಾರದು.

ನನಗೆ ಅನ್ಯಾಯವೆಂದು ತೋರಿದ್ದ ಎಕ್ಸ್‌ಚೇಂಜಿನ ಬಗ್ಗೆ ಈಗ ಬೇರೆ ಅಭಿಪ್ರಾಯವಿದೆ. ಸೀಟನ್ನು ಅಲ್ಲಿ ಬಿಟ್ಟುಕೊಟ್ಟು ಅದು ಮಾರಾಟವಾದ ಕೂಡಲೇ ನಿಮ್ಮ ಫೋನಿನ ಪಾಸ್ ನಿಷ್ಕ್ರಿಯವಾಗುತ್ತದೆ, ಕೊಂಡವರ ಹೆಸರಿನಲ್ಲಿ ಹೊಸ ಪಾಸ್ ಹುಟ್ಟುತ್ತದೆ, ಆ ದಿನದ ಸೀಟಿನ ಹೊಣೆ ನಿಮ್ಮಿಂದ ಇಳಿಯುತ್ತದೆ. ಕೊಳ್ಳುವವರು ಕ್ಲಬ್ಬಿನ ಸದಸ್ಯರಾಗಿರುತ್ತಾರೆ. ಬೇಡಿಕೆಯ ಪಂದ್ಯಗಳಲ್ಲಿ ಸೀಟು ಉಳಿಯುವುದು ಅಪರೂಪ. ನನ್ನ ಮೊದಲ ಪಂದ್ಯಕ್ಕೆ ಎಕ್ಸ್‌ಚೇಂಜ್ ಆಗಲೇ ತೆರೆದಿತ್ತು, ನಾನು ಇಣುಕಿಯೂ ನೋಡಲಿಲ್ಲ. ಗೆಳೆಯರಿಗೇ ಕೊಡಬೇಕೆಂದಿದ್ದರೆ ಹಲವು ಕ್ಲಬ್ಬುಗಳು ಅದಕ್ಕೂ ಆ್ಯಪ್‌ನಲ್ಲಿ ದಾರಿ ಇಟ್ಟಿವೆ. ಯಾರಿಗೆ, ಎಷ್ಟು ಬಾರಿ, ಯಾವ ಬೆಲೆಗೆ ಎಂಬ ನಿಯಮಗಳು ಕ್ಲಬ್ಬಿನಿಂದ ಕ್ಲಬ್ಬಿಗೆ ಬೇರೆಯಾಗಿರುವುದರಿಂದ ಮೊದಲು ಅವನ್ನು ಓದಿ. ಆ ದಾರಿ ಬಿಟ್ಟು ಹೊರಗೆ ದಾಟಿಸಬೇಡಿ.

ಊರಿನಿಂದ ಬರುವವರಲ್ಲಿ ನನ್ನ ವಿನಂತಿ: ಇನ್‌ಸ್ಟಾಗ್ರಾಂನಲ್ಲಿ, ವಾಟ್ಸ್‌ಆ್ಯಪ್ಪಿನಲ್ಲಿ, ಬಣ್ಣಬಣ್ಣದ ಮರುಮಾರಾಟದ ತಾಣಗಳಲ್ಲಿ ಸಿಗುವ ಸೀಸನ್ ಟಿಕೆಟ್ಟಿಗೆ ಹಣ ಕೊಡಬೇಡಿ. ಅನಧಿಕೃತ ತಾಣಗಳ ಪಟ್ಟಿಯನ್ನು ಪ್ರೀಮಿಯರ್ ಲೀಗೇ ಪ್ರಕಟಿಸಿದೆ. ಪ್ರವಾಸ ಗೊತ್ತಾದ ತಕ್ಷಣ ಕ್ಲಬ್ಬಿನ ಸದಸ್ಯತ್ವ ಪಡೆದು, ನಿಮ್ಮದೇ ಹೆಸರಿನಲ್ಲಿ ಎಕ್ಸ್‌ಚೇಂಜನ್ನು ಗಮನಿಸುತ್ತಿರಿ. ಕೊನೆಯ ದಿನಗಳಲ್ಲಿ ಸೀಟುಗಳು ಬಿಡುಗಡೆಯಾಗುತ್ತವೆ. ಅದೂ ಸಿಗದಿದ್ದರೆ ಕೆಳಗಿನ ದರ್ಜೆಯ ಲೀಗುಗಳಲ್ಲಿ, ಮಹಿಳೆಯರ ಪಂದ್ಯಗಳಲ್ಲಿ ಸೀಟು ಸಿಗುವುದು ಎಷ್ಟೋ ಸುಲಭ, ಆಟವೂ ಸೊಗಸಾಗಿರುತ್ತದೆ.

ಯಾರಿಗಾದರೂ ಈಗಾಗಲೇ ಪಾಸ್‌ವರ್ಡ್ ಕೊಟ್ಟಿದ್ದರೆ ಇಂದೇ ಅದನ್ನು ಬದಲಿಸಿ, ಖಾತೆಯಲ್ಲಿರುವ ಕಾರ್ಡನ್ನು ತೆಗೆದುಹಾಕಿ, ಪಂದ್ಯಕ್ಕೆ ಮುಂಚೆ ಕ್ಲಬ್ಬಿನ ಟಿಕೆಟ್ ಕಚೇರಿಗೆ ನೀವಾಗಿಯೇ ಬರೆದು ತಿಳಿಸಿ, ಪಡೆದ ಹಣವನ್ನು ಹಿಂದಿರುಗಿಸಿ. ಪಕ್ಕದ ಹಿರಿಯರ ಕರೆ ಬಂದ ರಾತ್ರಿಯೇ ನಾನು ಹಾಗೆ ಮಾಡಿದ್ದರೆ ನನ್ನ ಸೀಟು ಉಳಿಯುತ್ತಿತ್ತೆಂದು ಹೇಳಲಾರೆ, ಆದರೆ ಆ ಹುಬ್ಬಳ್ಳಿಯ ಹುಡುಗ ಲೀಡ್ಸ್‌ನಿಂದ ಬಸ್ಸು ಹತ್ತುತ್ತಿರಲಿಲ್ಲ.