ಹೊಟ್ಟೆ ಮುಟ್ಟುವ ಮೊದಲೇ ದರ ಹೇಳಿದವರು, ಮುಟ್ಟಿ ನೋಡಿ ಆಮೇಲೆ ಹೇಳಿದವರು

ಮೊದಲೇ ಹೇಳಿಬಿಡುತ್ತೇನೆ, ನಾನು ಇನ್ನೂ ಟಮ್ಮಿ ಟಕ್, ಅಂದರೆ ಜೋತ ಹೊಟ್ಟೆಯ ಚರ್ಮ ಕತ್ತರಿಸಿ ಬಿಗಿ ಮಾಡುವ ಆಪರೇಷನ್, ಮಾಡಿಸಿಕೊಂಡಿಲ್ಲ. ಮಾಡಿಸಿಕೊಳ್ಳಬೇಕೇ ಬೇಡವೇ ಎಂದು ವಿಚಾರಿಸಲು ಹೋದ ಜಾಗಗಳ ಬಗ್ಗೆಯಷ್ಟೇ ಬರೆಯುತ್ತಿದ್ದೇನೆ. ಆಪರೇಷನ್ ಆದವರು ಬರೆದದ್ದು ಬೇಕಾದಷ್ಟು ಸಿಗುತ್ತದೆ. ಆದರೆ ಬಾಗಿಲು ತಳ್ಳಿ ಒಳಗೆ ಹೋದಾಗ ಯಾರು ಏನು ಹೇಳುತ್ತಾರೆ, ಯಾವುದನ್ನು ಹೇಳದೆ ಬಿಡುತ್ತಾರೆ ಎಂಬುದನ್ನು ಬರೆದವರು ನನ್ನ ಕಣ್ಣಿಗೆ ಬೀಳಲಿಲ್ಲ. ನಾನು ತುಮಕೂರಿನ ಸಹಕಾರಿ ಬ್ಯಾಂಕೊಂದರ ಸಾಲ ವಿಭಾಗದಲ್ಲಿದ್ದೇನೆ. ದಿನವಿಡೀ ಬೇರೆಯವರ ಕೊಟೇಶನ್ ತಿದ್ದುವುದೇ ಕೆಲಸ. ಮೊದಲ ಮಾತಿಗೇ ರಿಯಾಯಿತಿ ಎಂದವರ ಮೇಲೆ ನನಗೆ ಅನುಮಾನ ಜಾಸ್ತಿ.

ನನ್ನ ಸ್ಥಿತಿ ಹೀಗಿದೆ. ಮಗಳು ಹುಟ್ಟಿದಾಗ ಹೊಟ್ಟೆ ವರ್ಷದೊಳಗೆ ಇಳಿದಿತ್ತು. ಎರಡನೆಯ ಬಾರಿ ಅವಳಿ ಗಂಡುಮಕ್ಕಳು, ಸಿಸೇರಿಯನ್. ಅವರಿಗೆ ಈಗ ಮೂರು ತುಂಬಿದೆ. ಮದುವೆಯಾದಾಗ ಇದ್ದ ತೂಕಕ್ಕಿಂತ ನಾಲ್ಕು ಕೆ.ಜಿ. ಮಾತ್ರ ಹೆಚ್ಚಿದ್ದೇನೆ, ಆದರೂ ಸಂಜೆಯ ಹೊತ್ತಿಗೆ ನನ್ನದು ಆರು ತಿಂಗಳ ಬಸುರಿಯ ಹೊಟ್ಟೆ. ಹಾಸಿಗೆಯಿಂದ ಏಳುವಾಗ ಹೊಕ್ಕುಳಿನ ಮೇಲೂ ಕೆಳಗೂ ಉದ್ದಕ್ಕೆ ಒಂದು ದಿಣ್ಣೆ ಎದ್ದು ನಿಲ್ಲುತ್ತದೆ. ಸಿಸೇರಿಯನ್ ಗಾಯದ ಮೇಲೆ ಚರ್ಮ ಮಡಚಿ ಬೀಳುತ್ತದೆ. ಬೇಸಿಗೆಯಲ್ಲಿ ಆ ಮಡಿಕೆಯೊಳಗೆ ಬೆವರಿ, ಕೆಂಪಾಗಿ, ತುರಿಕೆ ಶುರುವಾದರೆ ಪೌಡರ್ ಹಾಕಿದಷ್ಟೂ ಮುದ್ದೆಯಾಗುತ್ತದೆ. ಪಿಂಚಣಿ ತೆಗೆದುಕೊಳ್ಳಲು ಬರುವ ಅಜ್ಜಿಯೊಬ್ಬರು ಒಮ್ಮೆ ಸೆರಗಿನಲ್ಲಿ ಮಾವಿನಕಾಯಿ ಕಟ್ಟಿಕೊಂಡು ಬಂದು, ಬಯಕೆಗೆ ಇರಲಿ ತಾಯಿ ಎಂದು ನನ್ನ ಮೇಜಿನ ಮೇಲಿಟ್ಟರು. ನಾನು ತಿದ್ದಲು ಹೋಗಲಿಲ್ಲ. ಕಾಯಿ ಚೆನ್ನಾಗಿತ್ತು, ಚಿತ್ರಾನ್ನ ಮಾಡಿದೆ.

ಮೊದಲು ಹೋದದ್ದು ಬೆಂಗಳೂರಿನ ಇಂದಿರಾನಗರದ ಕಡೆಯ ಒಂದು ಕಾಸ್ಮೆಟಿಕ್ ಕ್ಲಿನಿಕ್‌ಗೆ. ಹೆಸರು ಬೇಡ. ಒಳಗೆ ನಿಂಬೆಹುಲ್ಲಿನ ಸುವಾಸನೆ, ಬಿಳಿ ಸೋಫಾ, ಗಾಜಿನ ಲೋಟದಲ್ಲಿ ಸೌತೆಕಾಯಿ ಹಾಕಿದ ನೀರು. ಎದುರಿಗೆ ಕುಳಿತದ್ದು ವೈದ್ಯರಲ್ಲ, ಕೌನ್ಸೆಲರ್ ಎಂಬ ಹುಡುಗಿ. ಟ್ಯಾಬ್ಲೆಟ್‌ನಲ್ಲಿ ಮೊದಲು ಮತ್ತು ನಂತರದ ಚಿತ್ರಗಳನ್ನು ತೋರಿಸಿದಳು. ಮೊದಲಿನ ಚಿತ್ರಗಳಲ್ಲೆಲ್ಲ ಮಂಕು ಬೆಳಕು, ಕುಗ್ಗಿದ ಭುಜ. ನಂತರದವುಗಳಲ್ಲಿ ಬಿಸಿಲು, ನೆಟ್ಟಗಿನ ಬೆನ್ನು, ಒಳ್ಳೆಯ ಒಳ ಉಡುಪು. ಅಡ್ಡ ಗಾಯದ ಗೆರೆ ಕಾಣುವ ಚಿತ್ರ ಒಂದೂ ಇರಲಿಲ್ಲ. ಕೇಳಿದರೆ, ಅದು ಬಿಕಿನಿ ಲೈನ್ ಒಳಗೆ ಮುಚ್ಚಿಹೋಗುತ್ತದೆ ಮೇಡಂ ಎಂದಳು. ತುಮಕೂರಿನಲ್ಲಿ ನನ್ನ ಬಿಕಿನಿಯ ಚಿಂತೆ ಯಾರಿಗೂ ಇಲ್ಲ; ಗಾಯ ಎಷ್ಟು ಉದ್ದ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಅವಳು ಹೇಳಿದ್ದು "ಮಮ್ಮಿ ಮೇಕೋವರ್" ಎಂಬ ಪ್ಯಾಕೇಜ್. 2,40,000 ರೂಪಾಯಿಯದು ಈ ವಾರ ಮಾತ್ರ 1,99,000, ಮಾಸಿಕ ಕಂತೂ ಉಂಟು. ಅರಿವಳಿಕೆ ತಜ್ಞರ ಶುಲ್ಕ ಸೇರಿದೆಯೇ? ಇಲ್ಲ. ಆಪರೇಷನ್ ನಂತರ ಹಾಕಿಕೊಳ್ಳುವ ಬಿಗಿ ಬೆಲ್ಟ್? ಅದೂ ಬೇರೆ. ರಕ್ತ ಪರೀಕ್ಷೆ? ಹೊರಗೆ ಮಾಡಿಸಿಕೊಳ್ಳಬೇಕು. ಜಿಎಸ್‌ಟಿ? ಬಿಲ್ ಬೇಡವೆಂದರೆ ಅದನ್ನು ನೋಡಿಕೊಳ್ಳಬಹುದು ಎಂದು ಧ್ವನಿ ಇಳಿಸಿದಳು. ಅಲ್ಲಿಗೆ ನನ್ನ ಮಟ್ಟಿಗೆ ಆ ಕ್ಲಿನಿಕ್ ಮುಗಿಯಿತು. ಹೊಟ್ಟೆ ಕೊಯ್ಯಲು ಎರಡು ಲಕ್ಷ ತೆಗೆದುಕೊಂಡು ಬಿಲ್ ಕೊಡಲು ಹಿಂದೇಟು ಹಾಕುವವರು, ನಾಳೆ ಹೊಲಿಗೆ ಬಿಚ್ಚಿಕೊಂಡರೆ ಯಾವ ಕಾಗದ ಕೊಡುತ್ತಾರೆ?

ಆದರೂ ಬಂದದ್ದಾಯಿತಲ್ಲ ಎಂದು ವೈದ್ಯರಿಗಾಗಿ ಕಾದೆ. ಬಂದರು, ನಿಂತೇ ಮಾತನಾಡಿದರು. ಕುರ್ತಾದ ಮೇಲಿನಿಂದಲೇ ನೋಡಿ, ಲೈಪೊಸಕ್ಷನ್ (ನಳಿಕೆಯಿಂದ ಕೊಬ್ಬು ಎಳೆದು ತೆಗೆಯುವುದು) ಮಾಡಿದರೆ ಸಾಕು, ಸಂಜೆ ಮನೆಗೆ ಹೋಗಬಹುದು ಎಂದರು. ಏನಾದರೂ ಏರುಪೇರಾದರೆ ಐಸಿಯು ಇದೆಯೇ ಎಂದೆ. ಹತ್ತಿರದಲ್ಲೇ ದೊಡ್ಡ ಆಸ್ಪತ್ರೆಗಳಿವೆ ಎಂದರು. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ಆ ಹುಡುಗಿಗೆ ಬರೀ ಇಪ್ಪತ್ತೊಂದು. ನಮ್ಮಮ್ಮ ಆ ಸುದ್ದಿಯನ್ನು ಇಂದಿಗೂ ಮರೆತಿಲ್ಲ. ನಾನು ಹೊರಡುವ ಮುನ್ನ ಅಡುಗೆಮನೆಯಲ್ಲಿ ನಿಂತು ಅದನ್ನೇ ಹೇಳಿದ್ದರು. ಐಸಿಯು ಎಲ್ಲಿದೆ ಎಂಬ ಪ್ರಶ್ನೆ ನಿಜವಾಗಿ ಅವರದೇ.

ಎರಡನೆಯದು ಬಹುವಿಭಾಗಗಳ ಒಂದು ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜರಿ ಹೊರರೋಗಿ ವಿಭಾಗ. ಸಮಾಲೋಚನೆಗೆ 900 ರೂಪಾಯಿ. ಸುವಾಸನೆ ಇಲ್ಲ, ಫಿನಾಯಿಲ್ ವಾಸನೆ ಇದೆ. ಪಾರ್ಕಿಂಗ್ ಅಧ್ವಾನ. ಅಪಾಯಿಂಟ್‌ಮೆಂಟ್ ಇದ್ದರೂ ಕಾಯಿಸಿದ್ದು ಎಷ್ಟೆಂದರೆ ಕ್ಯಾಂಟೀನಿನ ಇಡ್ಲಿ ಮುಗಿದು ಊಟದ ಸಾಂಬಾರು ಬಂದಿತ್ತು. ಆದರೆ ಬೋರ್ಡಿನಲ್ಲಿ ವೈದ್ಯರ ಹೆಸರಿನ ಮುಂದೆ ಎಂ.ಸಿಎಚ್. ಪ್ಲಾಸ್ಟಿಕ್ ಸರ್ಜರಿ ಎಂದಿತ್ತು (ಆ ವಿಷಯದ ತಜ್ಞ ಪದವಿ), ಕರ್ನಾಟಕ ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆಯೂ ಇತ್ತು. ಎಂ.ಸಿಎಚ್. ಅಥವಾ ಅದೇ ವಿಷಯದ ಡಿಎನ್‌ಬಿ ಪದವಿ ಇಲ್ಲದವರ ಮುಂದೆ ಈ ಕೆಲಸಕ್ಕೆ ಮಲಗಬೇಡಿ. ಕಾಸ್ಮೆಟಿಕ್ ತಜ್ಞ ಎಂಬ ಬೋರ್ಡ್ ಒಂದನ್ನೇ ನೋಡಿ ನಂಬಬೇಡಿ.

ಈ ಡಾಕ್ಟರು ದರ ಮಾತನಾಡುವ ಮೊದಲು ನನ್ನನ್ನು ಮಲಗಿಸಿದರು. ಮಂಡಿ ಮಡಚಿ, ತಲೆ ಮಾತ್ರ ಸ್ವಲ್ಪ ಎತ್ತಲು ಹೇಳಿ, ಹೊಕ್ಕುಳಿನ ಮೇಲೆ ಬೆರಳುಗಳನ್ನು ಅಡ್ಡಕ್ಕೆ ಇಳಿಸಿದರು. ನಾಲ್ಕು ಬೆರಳು ಸಲೀಸಾಗಿ ಒಳಗೆ ಹೋದವು. ಹೊಟ್ಟೆಯ ಎರಡೂ ಬದಿಯ ನೇರ ಸ್ನಾಯುಗಳು ನಡುವಿನ ಪಟ್ಟಿಯಿಂದ ಸೇರಿರುತ್ತವೆ. ಬಸುರಿನಲ್ಲಿ ಅದು ಹಿಗ್ಗುತ್ತದೆ, ಕೆಲವರಲ್ಲಿ ಎಲಾಸ್ಟಿಕ್ ಸೋತ ಲಂಗದ ಹಾಗೆ ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿಯುತ್ತದೆ. ಡಯಾಸ್ಟಾಸಿಸ್ ರೆಕ್ಟೈ ಎನ್ನುತ್ತಾರೆ. ಎರಡು ಸೆಂಟಿಮೀಟರಿಗಿಂತ ಅಗಲವಿದ್ದರೆ ಅದು ಡಯಾಸ್ಟಾಸಿಸ್ ಎಂದು ಸಾಮಾನ್ಯ ಲೆಕ್ಕ. ಲೈಪೊಸಕ್ಷನ್ ಕೊಬ್ಬನ್ನು ಮಾತ್ರ ಎಳೆಯುತ್ತದೆ, ಸ್ನಾಯುವನ್ನು ಹತ್ತಿರ ತರುವುದಿಲ್ಲ, ಜೋತ ಚರ್ಮವನ್ನು ಇನ್ನಷ್ಟು ಜೋಲಿಸಬಹುದು ಎಂದು ವಿವರಿಸಿದರು. ಅಂದರೆ ಮೊದಲ ಕ್ಲಿನಿಕ್ ನನಗೆ ಮಾರಲು ಹೊರಟಿದ್ದು ನನ್ನ ತೊಂದರೆಗೆ ಸಂಬಂಧವೇ ಇಲ್ಲದ ಸರಕು.

ಆಮೇಲೆ ಪ್ರಿಸ್ಕ್ರಿಪ್ಷನ್ ಹಾಳೆಯ ಹಿಂಬದಿಯಲ್ಲಿ ಪೆನ್ನಿನಿಂದ ಚಿತ್ರ ಬರೆದರು. ಒಂದು ಸೊಂಟದ ಮೂಳೆಯಿಂದ ಇನ್ನೊಂದರವರೆಗೆ ಕೆಳಗೆ ಒಂದು ಬಾಗಿದ ಗೆರೆ. ಅಲ್ಲಿಂದ ಚರ್ಮ ಮತ್ತು ಕೊಬ್ಬಿನ ಪದರವನ್ನು ಪಕ್ಕೆಲುಬಿನವರೆಗೂ ಬಿಡಿಸಿ ಎತ್ತುತ್ತಾರೆ. ಸ್ನಾಯುಗಳನ್ನು ನಡುವೆ ಸೇರಿಸಿ ಹೊಲಿಯುತ್ತಾರೆ. ಚರ್ಮವನ್ನು ಕೆಳಗೆಳೆದು ಹೆಚ್ಚಾದದ್ದನ್ನು ಕತ್ತರಿಸಿ, ಹೊಕ್ಕುಳಿಗೆ ಹೊಸ ಕಿಂಡಿ ಮಾಡುತ್ತಾರೆ. ಹಳೆಯ ಸಿಸೇರಿಯನ್ ಗಾಯ ಸಾಮಾನ್ಯವಾಗಿ ಆ ಕತ್ತರಿಸಿದ ತುಂಡಿನೊಂದಿಗೇ ಹೋಗುತ್ತದೆ. ಹೊಕ್ಕುಳಿನ ಕೆಳಗಿನ ಬಿರುಕು ಗೆರೆಗಳೂ (ಸ್ಟ್ರೆಚ್ ಮಾರ್ಕ್) ಬಹುಪಾಲು ಹೋಗುತ್ತವೆ. ಮೇಲಿನವು ಹೋಗುವುದಿಲ್ಲ, ಕೆಳಗೆ ಇಳಿದು ಬರುತ್ತವೆ. ಗಾಯದ ಗೆರೆ ಶಾಶ್ವತ. ಮಸುಕಾಗಲು ವರ್ಷವೂ ಮೀರಬಹುದು, ಕೆಲವರಿಗೆ ದಪ್ಪಗೆ ಉಬ್ಬಿ ನಿಲ್ಲುತ್ತದೆ. ಕಿವಿ ಚುಚ್ಚಿಸಿದ ಜಾಗ ಗಂಟಾಗಿತ್ತೇ ಎಂದು ನನ್ನ ಕಿವಿಯನ್ನೇ ನೋಡಿದರು. ಇಂಥ ಪ್ರಶ್ನೆ ಕೇಳುವ ವೈದ್ಯರನ್ನು ನಾನು ನಂಬುತ್ತೇನೆ.

ಕಷ್ಟದ ಪಟ್ಟಿಯನ್ನು ಅವರು ನಾನು ಕೇಳದೆಯೇ ಕೊಟ್ಟರು. ಪೂರ್ಣ ಅರಿವಳಿಕೆ, ಎರಡರಿಂದ ನಾಲ್ಕು ಗಂಟೆ. ಒಳಗೆ ಸೇರುವ ನೀರು ಹೋಗಲು ಎರಡೂ ಬದಿಗೆ ಡ್ರೈನ್ ನಳಿಕೆ. ಮೊದಲ ವಾರ ಸೊಂಟ ಬಗ್ಗಿಸಿಯೇ ನಡೆಯಬೇಕು, ನೆಟ್ಟಗಾದರೆ ಹೊಲಿಗೆ ಎಳೆಯುತ್ತದೆ. ಬೆಲ್ಟ್ ಆರು ವಾರ. ಆರು ವಾರ ಭಾರ ಎತ್ತುವ ಹಾಗಿಲ್ಲ, ಅಂದರೆ ನನ್ನ ಹುಡುಗರಲ್ಲಿ ಯಾರನ್ನೂ ಎತ್ತುವ ಹಾಗಿಲ್ಲ. ಹೊಕ್ಕುಳಿನ ಕೆಳಗೆ ತಿಂಗಳುಗಟ್ಟಲೆ ಮರಗಟ್ಟಿರಬಹುದು, ಸ್ವಲ್ಪ ಭಾಗ ಹಾಗೆಯೇ ಉಳಿಯಲೂಬಹುದು. ಸೋಂಕು, ಗಾಯ ಬಿಚ್ಚಿಕೊಳ್ಳುವುದು, ಚರ್ಮದ ಅಂಚು ಸಾಯುವುದು ಇವೆಲ್ಲ ಉಂಟು. ಎಲ್ಲಕ್ಕಿಂತ ಅವರು ಒತ್ತಿ ಹೇಳಿದ್ದು ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವ ಅಪಾಯ. ಅಪರೂಪ, ಆದರೆ ಪ್ರಾಣಕ್ಕೆ ಬರುವಂಥದ್ದು. ಆದ್ದರಿಂದಲೇ ಆಪರೇಷನ್ ದಿನದಿಂದಲೇ ಎಬ್ಬಿಸಿ ನಡೆಸುತ್ತೇವೆ ಎಂದರು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ, ಮನೆಯಲ್ಲಿ ಯಾರಿಗಾದರೂ ಕಾಲು ಊದಿ ಹೆಪ್ಪುಗಟ್ಟಿತ್ತೇ, ಧೂಮಪಾನ ಇದೆಯೇ, ಇನ್ನೊಂದು ಮಗು ಬೇಕೇ ಎಂದು ಒಂದೊಂದಾಗಿ ಬರೆದುಕೊಂಡರು. ಇನ್ನೊಂದು ಮಗುವಾದರೆ ಹೊಲಿದದ್ದೆಲ್ಲ ಮತ್ತೆ ಹಿಗ್ಗಬಹುದಂತೆ. ಆ ಪ್ರಶ್ನೆಗೆ ನಾನೂ ನನ್ನ ಗಂಡನೂ ಒಟ್ಟಿಗೇ ಬೇಡ ಎಂದೆವು.

ದೂರು ಇಲ್ಲವೆಂದಲ್ಲ. ಇಷ್ಟೆಲ್ಲ ನನ್ನೊಂದಿಗೇ ಮಾತನಾಡಿದ ಡಾಕ್ಟರು ಖರ್ಚಿನ ವಿಷಯ ಬಂದ ಕೂಡಲೇ ಕುರ್ಚಿಯನ್ನು ನನ್ನ ಗಂಡನ ಕಡೆಗೆ ತಿರುಗಿಸಿದರು. ದುಡ್ಡು ನನ್ನ ಖಾತೆಯದು. ನನ್ನ ಗಂಡ ತಣ್ಣಗೆ, ಅವರನ್ನೇ ಕೇಳಿ ಸಾರ್, ಸಾಲ ಮಂಜೂರು ಮಾಡುವವರು ಅವರೇ ಎಂದರು. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ಲಿಖಿತ ಅಂದಾಜು 2,60,000 ರೂಪಾಯಿ. ಎರಡು ರಾತ್ರಿಯ ಕೋಣೆ, ಥಿಯೇಟರ್, ಅರಿವಳಿಕೆ, ಬೆಲ್ಟ್ ಎಲ್ಲ ಸೇರಿ. ಅದರ ಮೇಲೆ ಶೇ. 18 ಜಿಎಸ್‌ಟಿ, 46,800. ಆಸ್ಪತ್ರೆಗೆ ಜಿಎಸ್‌ಟಿ ಇಲ್ಲವಲ್ಲ ಎಂದು ಕೇಳುವವರಿಗೆ: ಚಿಕಿತ್ಸೆಗೆ ವಿನಾಯಿತಿ ಇದೆ, ಸೌಂದರ್ಯದ ಶಸ್ತ್ರಚಿಕಿತ್ಸೆಗೆ ಇಲ್ಲ. ಹುಟ್ಟಿನಿಂದ ಬಂದ ದೋಷ, ಬೆಳವಣಿಗೆಯ ದೋಷ, ಗಾಯ, ಇವುಗಳನ್ನು ಸರಿಪಡಿಸುವುದಾದರೆ ಮಾತ್ರ ವಿನಾಯಿತಿ. ಅವಳಿಗಳನ್ನು ಹೊತ್ತು ಹೊಟ್ಟೆಯ ಸ್ನಾಯು ಬಿಟ್ಟುಕೊಂಡದ್ದು ಆ ಸಾಲಿನಲ್ಲಿ ಇಲ್ಲ. ವಿಮೆಯ ಕಥೆಯೂ ಇದೇ. ಸೌಂದರ್ಯ ಶಸ್ತ್ರಚಿಕಿತ್ಸೆ ಪಾಲಿಸಿಗಳ ಪ್ರಮಾಣಿತ ಹೊರಗಿಡುವಿಕೆಗಳಲ್ಲೇ ಒಂದು. ಹೊಕ್ಕುಳ ಹರ್ನಿಯಾ ಇದ್ದಿದ್ದರೆ ಅದರ ರಿಪೇರಿಗಾದರೂ ವಿಮೆ ಕೇಳಬಹುದಿತ್ತು. ಸ್ಕ್ಯಾನ್ ಮಾಡಿಸಿದೆ, ಹರ್ನಿಯಾ ಇಲ್ಲ. ಹರ್ನಿಯಾ ಇಲ್ಲ ಎಂದು ಬೇಸರಪಟ್ಟುಕೊಂಡವಳು ಆ ದಿನ ಆ ಆಸ್ಪತ್ರೆಯಲ್ಲಿ ನಾನೊಬ್ಬಳೇ ಇರಬೇಕು.

ಆಪರೇಷನ್‌ಗೆ ಮೊದಲು ಕೆಲವು ತಿಂಗಳು ಫಿಸಿಯೋಥೆರಪಿ ಮಾಡಿ ಬನ್ನಿ, ತೂಕವೂ ಆರು ತಿಂಗಳು ಒಂದೇ ಕಡೆ ನಿಲ್ಲಲಿ ಎಂದು ಕಳುಹಿಸಿದವರೂ ಅದೇ ಡಾಕ್ಟರು. ಗಿರಾಕಿಯನ್ನು ತಾವಾಗಿಯೇ ಹಿಂದಕ್ಕೆ ಕಳುಹಿಸಿದ್ದಕ್ಕೆ ನನ್ನಿಂದ ಪೂರ್ಣ ಅಂಕ.

ಫಿಸಿಯೋಥೆರಪಿಸ್ಟ್ ತುಮಕೂರಿನಲ್ಲೇ ಸಿಕ್ಕರು, ಒಂದು ಸಲಕ್ಕೆ 600 ರೂಪಾಯಿ. ಯೂಟ್ಯೂಬ್ ನೋಡಿ ಮಾಡುತ್ತಿದ್ದ ಸಿಟ್‌ಅಪ್‌ಗಳನ್ನು ಮೊದಲ ದಿನವೇ ನಿಲ್ಲಿಸಿದರು. ಉಸಿರು ಬಿಡುತ್ತ ಹೊಟ್ಟೆಯನ್ನು ಒಳಗೆಳೆದು ಹಿಡಿಯುವುದು, ಮಗ್ಗುಲಿಗೆ ಹೊರಳಿ ಏಳುವುದು, ಹುಡುಗನನ್ನು ಎತ್ತುವ ಮೊದಲೇ ಉಸಿರು ಬಿಡುವುದು. ನಾರ್ವೆಯಲ್ಲಿ ಮುನ್ನೂರು ಚೊಚ್ಚಲ ತಾಯಂದಿರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಲೆಕ್ಕ ತೋರಿಸಿದರು: ಹೆರಿಗೆಯಾಗಿ ಆರು ವಾರಕ್ಕೆ ನೂರಕ್ಕೆ ಅರವತ್ತು ಮಂದಿಗೆ ಈ ಬಿರುಕು, ವರ್ಷದ ಮೇಲೂ ನೂರಕ್ಕೆ ಸುಮಾರು ಮೂವತ್ತಮೂರು ಮಂದಿಗೆ. ಅದನ್ನು ಅಮ್ಮನಿಗೆ ಹೇಳಿದೆ. ನಾರ್ವೆಯವರಿಗೆ ಬಾಣಂತನ ಗೊತ್ತಿಲ್ಲ, ಹೊಟ್ಟೆ ಕಟ್ಟಿರುವುದಿಲ್ಲ ಎಂದರು. ಮಗಳ ಬಾಣಂತನದಲ್ಲಿ ಅವರು ಹಳೆಯ ಕಾಟನ್ ಸೀರೆಯಿಂದ ಬಿಗಿದು ಕಟ್ಟಿದ್ದರು. ಅವಳಿಗಳಾದಾಗ ಹೊಲಿಗೆ ನೋಯುತ್ತದೆ ಎಂದು ನಾನು ಬಿಚ್ಚಿಹಾಕಿದೆ, ಎಲ್ಲ ಅದರಿಂದಲೇ ಎಂಬುದು ಅಮ್ಮನ ತೀರ್ಪು. ಕಟ್ಟಿದರೆ ಆಸರೆ ಸಿಗುತ್ತದೆ, ನಡೆಯಲು ಹಿತ, ಬಿಟ್ಟ ಸ್ನಾಯು ಅದರಿಂದ ಕೂಡುವುದಿಲ್ಲ ಎಂದರು ಫಿಸಿಯೋ. ಅಮ್ಮ ಒಪ್ಪಿಲ್ಲ.

ವ್ಯಾಯಾಮದ ಫಲ ಕಂಡಿದೆ. ಸಂಜೆಯ ಸೊಂಟನೋವು ಬಹಳ ಇಳಿದಿದೆ. ನಾಲ್ಕು ಬೆರಳಿನ ಬಿರುಕು ಮೂರಕ್ಕೆ ಬಂದಿದೆ, ಒತ್ತಿದರೆ ಒಳಗೆ ಮೊದಲಿಗಿಂತ ಗಟ್ಟಿ. ಚರ್ಮ ಮಾತ್ರ ಒಂದಿಷ್ಟೂ ಬದಲಾಗಿಲ್ಲ, ಬದಲಾಗುವುದೂ ಇಲ್ಲ. ಇದನ್ನು ಫಿಸಿಯೋ ಮೊದಲೇ ಹೇಳಿದ್ದರು. ಹಾಗಾಗಿ ನಿಮ್ಮ ತೊಂದರೆ ಸೊಂಟನೋವು, ಬಲಹೀನತೆ ಎಂದಾದರೆ ಮೊದಲು ಈ 600 ರೂಪಾಯಿಯ ದಾರಿ ಹಿಡಿಯಿರಿ. ಮಡಚಿ ಬಿದ್ದ ಚರ್ಮವೇ ತೊಂದರೆಯಾದರೆ ಕತ್ತರಿಯೊಂದೇ ದಾರಿ. ಆನ್‌ಲೈನ್‌ನಲ್ಲಿ ಮಾರುವ ಎಣ್ಣೆ, ಬೆವರು ಬೆಲ್ಟ್, ಲೇಹ್ಯಗಳಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಮಕ್ಕಳಾದ ಮೇಲೆ ಹೊಟ್ಟೆ ಬರುವುದು ಸಹಜ, ಇದಕ್ಕೆಲ್ಲ ಕೊಯ್ಯಿಸಿಕೊಳ್ಳುತ್ತಾರೆಯೇ ಎಂದು ಬುದ್ಧಿ ಹೇಳಿದವರು ಬಹಳ. ಆಶ್ಚರ್ಯವೆಂದರೆ ನಮ್ಮ ಅತ್ತೆ ಆ ಗುಂಪಿಗೆ ಸೇರಲಿಲ್ಲ. ನನ್ನ ಹಲ್ಲಿಗೆ ಎಂಬತ್ತು ಸಾವಿರ ಸುರಿದಾಗ ಯಾರೂ ಕೇಳಲಿಲ್ಲ, ಹೊಟ್ಟೆ ಹೆಂಗಸಿನದಾದರೆ ಊರಿಗೆಲ್ಲ ಲೆಕ್ಕ ಬೇಕು ಎಂದರು. ಆರು ವಾರ ಹುಡುಗರನ್ನು ನೋಡಿಕೊಳ್ಳುತ್ತೀರಾ ಎಂದು ತಕ್ಷಣ ಕೇಳಿದೆ. ಒಬ್ಬನನ್ನು ನೋಡಿಕೊಳ್ಳುತ್ತೇನೆ ಎಂದಿದ್ದಾರೆ.

ಇನ್ನೊಬ್ಬನಿಗೆ ವ್ಯವಸ್ಥೆಯಾಗಬೇಕು. ರಜೆ ಸಾಲಬೇಕು, ಅಂದಾಜುಪಟ್ಟಿಯ ಅವಧಿಯೂ ಆರು ತಿಂಗಳು ಮಾತ್ರ. ಮಾಡಿಸಿಕೊಂಡರೆ ಆ ಎರಡನೆಯ ಆಸ್ಪತ್ರೆಯಲ್ಲೇ, ಕಾಯಿಸಿದರೂ ಸರಿ. ಅದಕ್ಕೆ ನಾಲ್ಕು ನಕ್ಷತ್ರ. ಒಂದು ಕಡಿಮೆಯಾದದ್ದು ಕುರ್ಚಿ ತಿರುಗಿಸಿದ್ದಕ್ಕೆ. ಫಿಸಿಯೋಗೆ ಐದು. ಸೌತೆಕಾಯಿ ನೀರಿನ ಕ್ಲಿನಿಕ್‌ಗೆ ಒಂದು, ಅದೂ ಶೌಚಾಲಯ ಸ್ವಚ್ಛವಾಗಿತ್ತು ಎಂಬ ಕಾರಣಕ್ಕೆ. ಅವರ ಕೌನ್ಸೆಲರ್ ಈಗಲೂ ಸಂದೇಶ ಕಳುಹಿಸುತ್ತಲೇ ಇದ್ದಾಳೆ. "ಈ ವಾರ ಮಾತ್ರ" ಎಂಬ ದರ ಈಗ 1,79,000ಕ್ಕೆ ಇಳಿದಿದೆ.