‘ಡಿಲೀಟ್ ಆಗದ’ ಫೋಲ್ಡರಿಗೆ ಕಮ್ಯಾಂಡ್ ಹೊಡೆಯುವ ಮೊದಲು ಇದನ್ನು ಓದಿ

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಆಫೀಸು, ವಿಂಡೋಸ್ 7 ಇರುವ ಹಳೇ ಕಂಪ್ಯೂಟರು. ಡಿ ಡ್ರೈವಿನಲ್ಲಿ ಎರಡು ಫೋಲ್ಡರ್: ‘ಲೆಕ್ಕ’ ಮತ್ತು ‘ಲೆಕ್ಕ ಹಳೇದು’. ಮೊದಲನೆಯದರಲ್ಲಿ ಆ ಕೊಯ್ಲಿನ ಚೆಕ್‌ರೋಲು (ಆಳುಗಳ ಹಾಜರಿ ಪಟ್ಟಿ), ವಾರದ ಬಟವಾಡೆ, ಗೊಬ್ಬರದ ಬಿಲ್ಲು. ಎರಡನೆಯದು ಹಿಂದಿನ ವಿಂಡೋಸ್ ಎಕ್ಸ್‌ಪಿ ಕಾಲದ ಬ್ಯಾಕಪ್, ಯಾರಿಗೂ ಬೇಡದ್ದು. ಆದರೆ ಡಿಲೀಟ್ ಒತ್ತಿದಾಗಲೆಲ್ಲ ‘ಆಕ್ಸೆಸ್ ಡಿನೈಡ್’, ಅಂದರೆ ಅನುಮತಿ ಇಲ್ಲ. ಜಾಗ ಸಾಲದೆ ಅದನ್ನು ತೆಗೆಯಲೇಬೇಕೆಂದು ಹೊರಟವರು ಕಮ್ಯಾಂಡ್ ಪ್ರಾಂಪ್ಟ್ (ಆಜ್ಞೆಯನ್ನು ಟೈಪ್ ಮಾಡಿ ಕೊಡುವ ಕಪ್ಪು ಕಿಟಕಿ) ತೆರೆದು, ಫೋಲ್ಡರ್ ಅಳಿಸುವ ಕಮ್ಯಾಂಡಾದ ಆರ್‌ಡಿ, ಸ್ಲ್ಯಾಶ್ ಎಸ್, ಸ್ಲ್ಯಾಶ್ ಕ್ಯೂ ಎಂದು ಟೈಪ್ ಮಾಡಿ, ಮುಂದೆ ಫೋಲ್ಡರಿನ ಹೆಸರನ್ನು ಡಬಲ್ ಕೋಟ್ಸ್ ಇಲ್ಲದೆ ಹಾಕಿ ಎಂಟರ್ ಒತ್ತಿದರು. ಅಳಿದುಹೋದದ್ದು ‘ಲೆಕ್ಕ’. ‘ಲೆಕ್ಕ ಹಳೇದು’ ಇದ್ದಲ್ಲೇ ಇತ್ತು.

ಆರ್‌ಡಿ ಒಂದೇ ಸಲಕ್ಕೆ ಹಲವು ಫೋಲ್ಡರುಗಳ ಹೆಸರನ್ನು ತೆಗೆದುಕೊಳ್ಳುತ್ತದೆ. ನಡುವೆ ಖಾಲಿ ಜಾಗ ಬಂದರೆ ಅಲ್ಲಿಗೆ ಒಂದು ಹೆಸರು ಮುಗಿಯಿತು ಎಂದೇ ಅದರ ಲೆಕ್ಕ. ಹಾಗಾಗಿ ಮೊದಲು ‘ಲೆಕ್ಕ’ ಅಳಿಸಿತು, ಆಮೇಲೆ ‘ಹಳೇದು’ ಎಂಬ ಬೇರೆ ಫೋಲ್ಡರ್ ಹುಡುಕಿ, ಸಿಗದೆ, ‘ಫೈಲ್ ಸಿಗಲಿಲ್ಲ’ ಎಂಬ ಎರರ್ ಕೊಟ್ಟಿತು. ಮೋಸ ಹೋಗುವುದು ಇಲ್ಲೇ. ಎರರ್ ಬಂದಿದೆ ಎಂದರೆ ಏನೂ ಆಗಿಲ್ಲ ಎಂದುಕೊಂಡು ಜನ ಮತ್ತೆ ಮತ್ತೆ ಹೊಡೆಯುತ್ತಾರೆ. ಸ್ಲ್ಯಾಶ್ ಎಸ್ ಒಳಗಿನದ್ದನ್ನೆಲ್ಲ ಅಳಿಸುತ್ತದೆ, ಸ್ಲ್ಯಾಶ್ ಕ್ಯೂ ‘ಖಂಡಿತವೇ?’ ಎಂದು ಕೇಳುವುದನ್ನೂ ನಿಲ್ಲಿಸುತ್ತದೆ. ಹೀಗೆ ಹೋದದ್ದು ರೀಸೈಕಲ್ ಬಿನ್ನಿಗೆ ಬರುವುದಿಲ್ಲ.

ಆದ್ದರಿಂದ ಸ್ಲ್ಯಾಶ್ ಕ್ಯೂ ಬಳಸಲೇಬೇಡಿ. ಹೆಸರನ್ನು ಪೂರ್ತಿ ಟೈಪ್ ಮಾಡಬೇಡಿ. ಮೊದಲೆರಡು ಅಕ್ಷರ ಹಾಕಿ ಟ್ಯಾಬ್ ಒತ್ತಿದರೆ ಉಳಿದದ್ದನ್ನು ಅದೇ ತುಂಬುತ್ತದೆ, ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಕೋಟ್ಸನ್ನೂ ಅದೇ ಹಾಕುತ್ತದೆ. ಒಂದೇ ರೀತಿ ಶುರುವಾಗುವ ಎರಡು ಹೆಸರಿದ್ದರೆ ಸರಿಯಾದದ್ದು ಬರುವವರೆಗೆ ಟ್ಯಾಬ್ ಒತ್ತುತ್ತಿರಿ. ಅದೇ ಹೆಸರಿನ ಮುಂದೆ ಮೊದಲು ಡಿಐಆರ್ ಹಾಕಿ, ಒಳಗೇನಿದೆ ಎಂದು ಕಣ್ಣಾರೆ ನೋಡಿ.

ಹಾಗೆ ನೋಡಿದರೆ ಆ ಫೋಲ್ಡರಿಗೆ ಕಮ್ಯಾಂಡೇ ಬೇಕಿರಲಿಲ್ಲ. ಬೇರೆ ಕಂಪ್ಯೂಟರಿನಿಂದ ಬಂದ ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲುಗಳನ್ನು ಜೋಡಿಸಿಡುವ ಒಂದು ಪದ್ಧತಿ) ಡಿಸ್ಕಿನಲ್ಲಿ ಫೋಲ್ಡರುಗಳ ಒಡೆತನ ಹಳೇ ಕಂಪ್ಯೂಟರಿನ ಅಕೌಂಟಿನ ಹೆಸರಲ್ಲೇ ಇರುತ್ತದೆ. ಎರಡೂ ಕಡೆ ಒಂದೇ ಹೆಸರಿನ ಅಕೌಂಟ್ ಇದ್ದರೂ ವಿಂಡೋಸಿಗೆ ಅವು ಬೇರೆ ಬೇರೆ, ಏಕೆಂದರೆ ಅದು ಗುರುತಿಸುವುದು ಒಳಗಿನ ಐಡಿಯಿಂದ. ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್, ಓನರ್‌ಗೆ ಹೋಗಿ ನಿಮ್ಮ ಅಕೌಂಟ್ ಆರಿಸಿ, ಒಳಗಿನ ಫೋಲ್ಡರುಗಳಿಗೂ ಅನ್ವಯಿಸುವ ಟಿಕ್ ಹಾಕಿ. ಎಲ್ಲ ಮುಚ್ಚಿ ಮತ್ತೆ ತೆರೆದು ಫುಲ್ ಕಂಟ್ರೋಲ್ ಕೊಡಿ. ಆಮೇಲೆ ಮಾಮೂಲಿನಂತೆ ಡಿಲೀಟ್ ಆಗುತ್ತದೆ. ಎಕ್ಸ್‌ಪಿ ಹೋಮ್‌ನಲ್ಲಿ ಸೆಕ್ಯುರಿಟಿ ಟ್ಯಾಬ್ ಕಾಣುವುದು ಸೇಫ್ ಮೋಡಿನಲ್ಲಿ ಮಾತ್ರ. ಆದರೆ ಈ ಒಡೆತನ ಬದಲಾವಣೆಯನ್ನು ಇಡೀ ಸಿ ಡ್ರೈವಿಗೆ ಮಾತ್ರ ಮಾಡಬೇಡಿ. ವಿಂಡೋಸ್ 7ರಲ್ಲಿ ಸಿ ಡ್ರೈವಿನ ‘ಡಾಕ್ಯುಮೆಂಟ್ಸ್ ಅಂಡ್ ಸೆಟಿಂಗ್ಸ್’ ತೆರೆಯದಿರುವುದು ದೋಷವಲ್ಲ. ಅದು ‘ಯೂಸರ್ಸ್’ ಫೋಲ್ಡರಿಗೆ ತೋರಿಸುವ ಜಂಕ್ಷನ್, ಬೇಕೆಂದೇ ಬೀಗ ಹಾಕಿಟ್ಟದ್ದು. ಎಕ್ಸ್‌ಪಿಯಲ್ಲಂತೂ ಜಂಕ್ಷನ್ನನ್ನು ಎಕ್ಸ್‌ಪ್ಲೋರರಿನಿಂದ (ಫೋಲ್ಡರುಗಳನ್ನು ತೋರಿಸುವ ಮಾಮೂಲಿ ಕಿಟಕಿಯಿಂದ) ಡಿಲೀಟ್ ಮಾಡಿದರೆ ಅದು ತೋರಿಸುವ ಜಾಗದ ಅಸಲಿ ಫೈಲುಗಳೇ ಹೋಗುತ್ತವೆ.

‘ಬೇರೆ ಪ್ರೋಗ್ರಾಮಿನಲ್ಲಿ ತೆರೆದಿದೆ’ ಎಂದರೆ ರಿಸೋರ್ಸ್ ಮಾನಿಟರ್ ತೆರೆದು, ಸಿಪಿಯು ಟ್ಯಾಬಿನ ‘ಅಸೋಸಿಯೇಟೆಡ್ ಹ್ಯಾಂಡಲ್ಸ್’ನಲ್ಲಿ ಫೋಲ್ಡರಿನ ಹೆಸರು ಹುಡುಕಿ. ಫೋಟೋ ಫೋಲ್ಡರಾದರೆ ಕೆಲವೊಮ್ಮೆ ಎಕ್ಸ್‌ಪ್ಲೋರರೇ ಥಂಬ್ಸ್ (ಫೋಟೋಗಳ ಚಿಕ್ಕ ರೂಪಗಳ) ಫೈಲನ್ನು ಹಿಡಿದುಕೊಂಡಿರುತ್ತದೆ. ರೀಸ್ಟಾರ್ಟ್ ಮಾಡಿದರೆ ಸಾಕು. ಇಷ್ಟಕ್ಕೆ ಯಾವುದೋ ಫ್ರೀ ಅನ್‌ಲಾಕರ್ ಇಳಿಸಿಕೊಂಡು, ಅದರ ಜೊತೆ ಬೇಡದ ಟೂಲ್‌ಬಾರುಗಳನ್ನೂ ಮನೆಗೆ ಕರೆಯಬೇಡಿ.

ಪೆನ್‌ಡ್ರೈವಿನಲ್ಲಿ ‘ಆಟೋರನ್’ ಹೆಸರಿನ, ಅಳಿಸಲಾಗದ ಫೋಲ್ಡರ್ ಕಂಡರೆ ಗಾಬರಿ ಬೇಡ. ವೈರಸ್ ಆ ಹೆಸರಿನಲ್ಲಿ ತನ್ನ ಫೈಲ್ ಮಾಡದಿರಲಿ ಎಂದು ಕೆಲವು ರಕ್ಷಣೆಯ ಪ್ರೋಗ್ರಾಮುಗಳೇ ಅದನ್ನು ಇಟ್ಟಿರುತ್ತವೆ. ಕಾನ್, ಪಿಆರ್‌ಎನ್, ಆಕ್ಸ್, ನಲ್, ಕಾಮ್ 1ರಿಂದ 9, ಎಲ್‌ಪಿಟಿ 1ರಿಂದ 9, ಇವು ಡಾಸ್ ಕಾಲದಿಂದ ಪ್ರಿಂಟರು, ಪೋರ್ಟುಗಳಿಗೆ ಮೀಸಲಾದ ಹೆಸರುಗಳು. ಈ ಹೆಸರಿನ ಫೋಲ್ಡರನ್ನಾಗಲಿ, ಹೆಸರಿನ ಕೊನೆಗೆ ಚುಕ್ಕಿ ಇರುವುದನ್ನಾಗಲಿ ಎಕ್ಸ್‌ಪ್ಲೋರರ್ ಅಳಿಸಲಾರದು. ಕಮ್ಯಾಂಡ್ ನಿಜವಾಗಿ ಬೇಕಾಗುವುದು ಇಲ್ಲಿ: ಡ್ರೈವಿನಿಂದ ಶುರುವಾಗುವ ಪೂರ್ತಿ ದಾರಿಗೆ ಮುಂದೆ \\?\ ಸೇರಿಸಿ, ಎರಡನ್ನೂ ಒಂದೇ ಕೋಟ್ಸಿನೊಳಗೆ ಹಾಕಿ ಆರ್‌ಡಿ ಕೊಡಿ. ದಾರಿಯೇ 260 ಅಕ್ಷರ ದಾಟಿದ್ದರೆ ಮೇಲಿನ ಫೋಲ್ಡರುಗಳಿಗೆ ಒಂದೊಂದೇ ಅಕ್ಷರದ ಹೆಸರಿಡುತ್ತಾ ಬನ್ನಿ, ಸಾಕು.

ಮಳೆಗಾಲದಲ್ಲಿ ಹತ್ತಾರು ಸಲ ಕರೆಂಟ್ ಹೋಗುವ ಸಕಲೇಶಪುರ, ಮೂಡಿಗೆರೆ ಭಾಗದಲ್ಲಿ ‘ಕರಪ್ಟೆಡ್ ಅಂಡ್ ಅನ್‌ರೀಡಬಲ್’ ಎಂಬ ಮೆಸೇಜ್ ಬಂದರೆ ಒಡೆತನದ ಗೋಜಿಗೆ ಹೋಗಬೇಡಿ. ಅದು ಡಿಸ್ಕಿನ ತೊಂದರೆ. ಮೊದಲು ಬೇಕಾದದ್ದನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ, ಆಮೇಲೆ ಡಿಸ್ಕಿನ ತಪ್ಪು ಸರಿಪಡಿಸುವ ಚೆಕ್‌ಡಿಸ್ಕ್ ಕಮ್ಯಾಂಡನ್ನು ಸ್ಲ್ಯಾಶ್ ಎಫ್ ಜೊತೆ ಓಡಿಸಿ. ಸಾಯುತ್ತಿರುವ ಡಿಸ್ಕಿನ ಮೇಲೆ, ಕೆಟ್ಟ ಜಾಗಗಳನ್ನು ಹುಡುಕುವ ಸ್ಲ್ಯಾಶ್ ಆರ್ ಓಡಿಸಿದರೆ ಗಂಟೆಗಟ್ಟಲೆ ಓದಿಸಿ ಇದ್ದದ್ದನ್ನೂ ಕೆಡಿಸಬಹುದು.

ತಪ್ಪಾಗಿ ಅಳಿಸಿಬಿಟ್ಟಿದ್ದರೆ ಕಂಪ್ಯೂಟರನ್ನು ಆ ಕ್ಷಣವೇ ಆಫ್ ಮಾಡಿ. ಡಿಸ್ಕನ್ನು ಹೊರತೆಗೆದು, ಯುಎಸ್‌ಬಿ ಕನ್ವರ್ಟರಿನಲ್ಲಿ ಇನ್ನೊಂದು ಕಂಪ್ಯೂಟರಿಗೆ ಹಾಕಿ, ರಿಕವರಿ ಪ್ರೋಗ್ರಾಮನ್ನು ಅಲ್ಲಿಂದ ಓಡಿಸಿ, ಸಿಕ್ಕಿದ್ದನ್ನು ಮೂರನೇ ಡಿಸ್ಕಿಗೆ ಉಳಿಸಿ. ಹಳೇ ಕಂಪ್ಯೂಟರಿಗೆ ಹೊಸದಾಗಿ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್ಪಿನ ಡಿಸ್ಕ್) ಹಾಕಿಸಿದ್ದರೆ ಆಸೆ ಕಡಿಮೆ. ಅಳಿದ ಜಾಗವನ್ನು ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ಕೆಲಸ ಮಾಡುತ್ತಿದ್ದರೆ ಅಳಿದ ಜಾಗ ಬೇಗ ಖಾಲಿಯಾಗುತ್ತದೆ.

ಆ ತೋಟದ ಕಂಪ್ಯೂಟರಿನಲ್ಲಿದ್ದದ್ದು ಹಾರ್ಡ್ ಡಿಸ್ಕೇ. ಆದರೆ ಎರಡು ದಿನ ಎಂದಿನಂತೆ ಕೆಲಸ ಮಾಡಿ, ರಿಕವರಿ ಪ್ರೋಗ್ರಾಮನ್ನೂ ಅದೇ ಡಿ ಡ್ರೈವಿಗೆ ಇನ್‌ಸ್ಟಾಲ್ ಮಾಡಿದ್ದರು. ಗೊಬ್ಬರದ ಬಿಲ್ಲುಗಳು ಸಿಕ್ಕವು, ಬಟವಾಡೆಯ ಫೈಲ್ ತೆರೆಯಲಿಲ್ಲ. ಮೇಸ್ತ್ರಿಯ ಕೈಬರಹದ ಚೆಕ್‌ರೋಲ್ ಪುಸ್ತಕ ಮುಂದಿಟ್ಟುಕೊಂಡು ಇಡೀ ಕೊಯ್ಲಿನ ಲೆಕ್ಕವನ್ನು ಮತ್ತೆ ಟೈಪ್ ಮಾಡಬೇಕಾಯಿತು.