ಪತ್ರವೋ, ವಿಡಿಯೋವೋ, ಗೂಗಲ್ಲೋ?

ಮುಂಬೈ ಪಕ್ಕದ ಡೊಂಬಿವ್ಲಿಯ ಅಕ್ಕ ಕೇಳಿದ್ದು: ತಾನು ಹೋದಮೇಲೆ ಮಕ್ಕಳಿಗೆ ನಾಲ್ಕು ಮಾತು ತಲುಪಿಸುವುದು ಹೇಗೆ?

ಪತ್ರ, ವಿಡಿಯೋ, ಗೂಗಲ್ – ಮೂರು ದಾರಿ ಇವೆ. ಖರ್ಚು ಯಾವುದಕ್ಕೂ ಜಾಸ್ತಿ ಇಲ್ಲ. ಬಾಳಿಕೆಯದೇ ತಕರಾರು. ಮುಂಬೈ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿ. ವಿಡಿಯೋ ಇರುವ ಪೆನ್‌ಡ್ರೈವ್ ಸುಮ್ನೆ ಬಿದ್ದಿದ್ದರೂ ಕೆಡಬಹುದು. ಎರಡು ಪ್ರತಿ ಇರಲಿ.

ಗೂಗಲ್‌ನ ‘ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂಬ ಸೌಲಭ್ಯಕ್ಕೆ ದುಡ್ಡು ಕೊಡಬೇಕಿಲ್ಲ. ನೀವು ಆರಿಸಿದಂತೆ 3ರಿಂದ 18 ತಿಂಗಳು ಖಾತೆ ಬಳಸದಿದ್ದರೆ, ಬರೆದಿಟ್ಟ ಮಾತು 10 ಜನರವರೆಗೆ ಇಮೇಲಿನಲ್ಲಿ ಹೋಗುತ್ತದೆ. ಹದಿಮೂರನೇ ದಿನಕ್ಕಂತೂ ಸಿಗಲ್ಲ, ಅಲ್ವಾ?

ಮಕ್ಕಳು ಪರದೇಶದಲ್ಲಿದ್ದರೆ ಗೂಗಲ್ ವಾಸಿ. ಜೊತೆಗಿದ್ದರೆ ಪತ್ರ. ಇಲ್ಲೇ ಮುಂಬೈ ಕಡೆ ಬೆಳೆದ ಮೊಮ್ಮಕ್ಕಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಅವರಿಗೆ ವಿಡಿಯೋನೇ ಸರಿ.

ಆಸ್ತಿಯ ಮಾತು ಇವುಗಳಲ್ಲಿ ಬೇಡ. ಅದಕ್ಕೆ ಇಬ್ಬರು ಸಾಕ್ಷಿಗಳ ಸಹಿ ಇರುವ ವಿಲ್ ಬೇಕು.